ಎರಿ ನೆಲದೋರು ಹಡಗ ಹತ್ತಿದ್ರ

ವೈನಿ, ಮಕ್ಕಳು ನಿಮ್ಮಿಬ್ಬರಿಗೂ ಹಡಗಿನ ಟಿಕೀಟ್ ತಗಸ್ತೀವಿ ಅಂದಾರಂತಲ್ಲಾ, ಕೇಳಿ ಭಾಳ ಖುಷಿ ಆತ್ರಿ. ಅರಬಿ ಆಮ್ಯಾಲೆ ಒಣಗಹಾಕ್ರಿ, ಈ ಗ್ವಾಡಿ ಕಡೆ ಒಂದೀಟ ಬರ್ರಿ. ಅಣ್ಣಾರು "ಎರಿ ಹೊಲದ ನಾಡಿನವರಿಗೆ ಹಡಗ ಯಾಕ ಬೇಕು" ಅಂತ ಕೇಳಿದ್ರಂತ. ಅವರಿಗೆ ಮದಲ ಉತ್ತರ ಕೊಟ್ಟು, ಆಮ್ಯಾಲೆ ನಿಮ್ಮ ಗಂಟುಮೂಟಿ ವಿಚಾರಕ್ಕ ಬರ್ತೀನಿ.

ನಾವು ನಿಂತಿರೋ ಈ ಹಳೇ ಹುಬ್ಬಳ್ಳಿ, ಹಿಂದಿನವರು ರಾಯರ ಹುಬ್ಬಳ್ಳಿ ಅಂತಿದ್ರಲ್ಲಾ, ಇದು ಕಡಲಿನ ಕೂಡ ವ್ಯವಹಾರ ಮಾಡಿ ಬೆಳೆದ ಊರ್ರಿ. ಕಾರವಾರದಾಗ ಇಂಗ್ಲಿಷರು 1638ರಾಗ ಕೋಠಿ ಹಾಕಿದ್ರು. ಅವರಿಗೆ ಬೇಕಾದ ಅರಬಿ ನಮ್ಮ ಕಡೆ ನೇಕಾರರ ಮಗ್ಗದಿಂದ ಘಟ್ಟ ಇಳಿದು ಹೋಗ್ತಿತ್ತು. 1673ರಾಗ ಶಿವಾಜಿ ಮಹಾರಾಜರ ದಂಡು ಹುಬ್ಬಳ್ಳಿ ಮ್ಯಾಲೆ ಬಿದ್ದಾಗ ಇಲ್ಲಿದ್ದ ಇಂಗ್ಲಿಷರ ಸರಕೂ ಲೂಟಿ ಆತು, ಅದರ ಪರಿಹಾರದ ತಕರಾರು ವರ್ಷಗಟ್ಟಲೆ ನಡೀತು. ಆವಾಗಿನ್ನೂ ಹೊಸ ಹುಬ್ಬಳ್ಳಿ ಹುಟ್ಟಿರಲೇ ಇಲ್ಲ. ಅದು ಎದ್ದಿದ್ದು 1727ರಾಗ, ಸವಣೂರ ನವಾಬರ ಕಾಲಕ್ಕ, ಬಸಪ್ಪಶೆಟ್ಟರ ಮುಂದಾಳತನದಾಗ. ಅಂದ್ರ ಕಡಲಿನ ನಂಟು ಇದ್ದದ್ದು ನಮ್ಮ ಈ ಓಣಿಗಳಿಗೇ.

ಆಮ್ಯಾಲೆ ಹತ್ತಿ ಬಂತು. 1862ರಾಗ ಉತ್ತರ ಕನ್ನಡ ಜಿಲ್ಲಾನ ಮದ್ರಾಸ್ ಇಲಾಖೆದಿಂದ ತಗದು ಮುಂಬೈ ಇಲಾಖೆಗೆ ಸೇರಿಸಿದ್ರು. ಧಾರವಾಡ ಸೀಮಿ ಹತ್ತಿ ಕಾರವಾರ ಬಂದರದಿಂದ ಹಡಗ ಹತ್ತಲಿ ಅನ್ನೂದು ಅದರ ಹಿಂದಿನ ದೊಡ್ಡ ಕಾರಣ. ಅಮೆರಿಕಾದಾಗ ಅಂತರ್ಯುದ್ಧ ನಡದು ಅಲ್ಲಿ ಹತ್ತಿ ನಿಂತುಹೋಗಿತ್ತು, ಇಲ್ಲಿ ಹತ್ತಿಗೆ ಬಂಗಾರದ ಬೆಲಿ ಬಂದಿತ್ತು. ಮುಂದ 1888ರ ಸುಮಾರಿಗೆ ರೈಲು ಕ್ಯಾಸಲ್ ರಾಕ್ ಘಟ್ಟ ಇಳಿದು ಮರ್ಮಗೋವಾ ಬಂದರ ಮುಟ್ಟಿತು. ಈಗ ಗೋವಾಕ್ಕ ಬರೋ ಪ್ರವಾಸಿ ಹಡಗ ನಿಲ್ಲೂದು ಅದೇ ಮರ್ಮಗೋವಾದಾಗ. ಹತ್ತಿ ಅಂಡಿಗಿ ಹೋದ ಹಾದಿ ಹಿಡಿದು ಈಗ ನಾವು ಹೊಂಟೀವಿ, ಇದರಾಗ ವಿಚಿತ್ರ ಏನೂ ಇಲ್ಲ ಅಂತ ಅಣ್ಣಾರಿಗೆ ಹೇಳ್ರಿ.

ಮದಲನೇ ಸಲ ಅಂದ್ರ ಸಣ್ಣ ಪ್ರವಾಸನ ತಗೋರಿ. ಎರಡು-ಮೂರು ರಾತ್ರಿ ಸಾಕು. ಮುಂಬೈದಿಂದ ಗೋವಾ, ಇಲ್ಲಾ ಮುಂಬೈದಿಂದ ಲಕ್ಷದ್ವೀಪ, ಕೊಚ್ಚಿ ಕಡೆ ಹೋಗೋ ಕಾರ್ಡೇಲಿಯಾ ಕಂಪನಿ ಹಡಗ 2021ರ ಸೆಪ್ಟೆಂಬರ್‌ದಿಂದ ನಡೀಲಿಕ್ಕೆ ಹತ್ಯಾವ. ಅವರ ಎಂಪ್ರೆಸ್ ಅನ್ನೋ ಹಡಗ ಫ್ರಾನ್ಸಿನಾಗ 1990ರಾಗ ಕಟ್ಟಿದ್ದು, ಮದಲ ನಾರ್ಡಿಕ್ ಎಂಪ್ರೆಸ್ ಅಂತ ಅಮೆರಿಕಾ ಕಡೆ ಓಡಾಡ್ತಿತ್ತು. ಹಳೇ ಹಡಗ ಅಂತ ಮೂಗು ಮುರೀಬ್ಯಾಡ್ರಿ. ಅದರ ಉದ್ದ 211 ಮೀಟರ್. ಈಗಿನ ರಾಕ್ಷಸಾಕಾರದ ಹಡಗ, ಐಕಾನ್ ಆಫ್ ದಿ ಸೀಸ್ ಅಂತ 2024ರ ಜನೆವರಿ ಒಳಗ ಮಯಾಮಿದಿಂದ ಹೊಂಟದ್ದು, 365 ಮೀಟರ್ ಅದ, 7,600 ಮಂದಿ ಹಿಡೀತದ. ನಮ್ಮ ಸಿದ್ಧಾರೂಢ ಸ್ವಾಮಿ ಸ್ಟೇಶನ್ನಿನ 1507 ಮೀಟರ್ ಪ್ಲಾಟ್‌ಫಾರ್ಮಿನ ಮ್ಯಾಲೆ ಅಂಥಾವು ನಾಕು ಸಾಲಾಗಿ ನಿಲ್ತಾವ, ಎಂಪ್ರೆಸ್ ಆದ್ರ ಏಳು ನಿಲ್ತಾವ. ನನ್ನ ಮನಸಿನ ಮಾತು ಹೇಳ್ಲ್ಯಾ? ದೊಡ್ಡ ಹಡಗಿನಾಗ ಜಾರಬಂಡಿ, ಐಸ್ ಮ್ಯಾಲೆ ಕುಣಿಯೂದು, ಇಪ್ಪತ್ತು ನಮೂನಿ ಹೊಟೆಲ್ಲು, ಎಲ್ಲಾ ಇರ್ತದ, ಸಮುದ್ರ ಮಾತ್ರ ಎಲ್ಲೋ ದೂರ ಕೆಳಗ ಉಳೀತದ. ಸಣ್ಣ ಹಡಗಿನ ಕೆಳಗಿನ ಡೆಕ್ಕಿನ ಮ್ಯಾಲೆ ನಿಂತ್ರ ನೀರಿನ ಸಪ್ಪಳ ಕೇಳ್ತದ, ಉಪ್ಪಿನ ಗಾಳಿ ತುಟಿಗೆ ಹತ್ತತದ. ಸಮುದ್ರ ಕಾಣಲಾರದ ಊರಿನವರು ನಾವು, ನಮಗ ಅದು ಬೇಕು.

ಇದೇನು ನಿನ್ನೆ ಮೊನ್ನಿಂದಲ್ಲ. ಮುಂಬೈ-ಗೋವಾ ಆಗಬೋಟಿ ಹತ್ತಿ ಹೋದ ಮುದುಕರು ನಮ್ಮ ಕಡೆ ಇನ್ನೂ ಒಬ್ಬಿಬ್ಬರು ಇದ್ದಾರು. ಕೊಂಕಣ ಸೇವಕ ಅನ್ನೋ ಬೋಟಿನ ಹೆಸರು ತಗದ್ರ ಅವರ ಮಾರಿ ಅರಳೂದು ನೋಡ್ರಿ. ಡೆಕ್ಕಿನ ಮ್ಯಾಲೆ ಹಾಸಿಗಿ ಹಾಸಿ, ಚುಕ್ಕಿ ನೋಡಕೋತ ರಾತ್ರಿ ಕಳೀತಿದ್ರಂತ. ಆ ಬೋಟು 1980ರ ದಶಕದಾಗ ನಿಂತುಹೋತು. 2018ರ ಅಕ್ಟೋಬರದಾಗ ಆಂಗ್ರಿಯಾ ಅಂತ ಮತ್ತೊಂದು ಶುರು ಆತು, ಮರಾಠರ ನೌಕಾಪಡೆ ಮುಖ್ಯಸ್ಥ ಕಾನ್ಹೋಜಿ ಆಂಗ್ರೆ ಹೆಸರು ಅದಕ್ಕ.

ಋತು ನೋಡಿ ತಾರೀಖು ಗೊತ್ತು ಮಾಡ್ರಿ. ಜೂನದಿಂದ ಸೆಪ್ಟೆಂಬರ್ ತನಕ ಅರಬ್ಬಿ ಸಮುದ್ರ ಕುದೀತಿರ್ತದ. ಪಶ್ಚಿಮ ಕರಾವಳಿ ಒಳಗ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗೆ ಮೀನುಗಾರಿಕೀನ ಬಂದ್ ಇರ್ತದ. ಆ ನಿಷೇಧ ಮೀನಿನ ಸಂತಾನಕ್ಕಂತ ಮಾಡಿದ್ದು ಖರೆ, ಆದ್ರ ಆ ದಿನದಾಗ ಕಡಲು ಹೆಂಗಿರ್ತದ ಅನ್ನೂದು ಮೀನುಗಾರರಿಗೆ ಗೊತ್ತದ. ನವೆಂಬರದಿಂದ ಫೆಬ್ರುವರಿ ನಮಗ ಛಲೋ. ನೀರು ಹಾಸಿದಂಗ ಇರ್ತದ, ಬಿಸಲೂ ಹದಾ ಇರ್ತದ.

ಕ್ಯಾಬಿನ್ ವಿಚಾರಕ್ಕ ಬಂದ್ರ, ಹಡಗಿನ ನಡುಮಧ್ಯದಾಗ, ಕೆಳಗಿನ ಮಾಳಿಗಿ ಒಳಗ ಕೇಳ್ರಿ. ಹಡಗ ಮುಂದಿನ ತುದಿ, ಹಿಂದಿನ ತುದಿ, ಮ್ಯಾಲಿನ ಮಾಳಿಗಿ ಒಳಗ ಹೆಚ್ಚು ಅಲಗಾಡ್ತದ, ನಡುವ ಕಡಿಮಿ. ನೀರಿನೊಳಗ ಎರಡೂ ಮಗ್ಗಲ ರೆಕ್ಕಿ ಚಾಚಿ ಹೊರಳಾಟ ತಡಿಯೋ ವ್ಯವಸ್ಥಾ ಈಗಿನ ಹಡಗಿಗೆ ಇರ್ತದ, ಅದಕ್ಕ ಎಷ್ಟೋ ಮಂದಿಗೆ ಹಡಗ ಹೊಂಟದ್ದೂ ತಿಳಿಯೂದಿಲ್ಲ. ಆದ್ರೂ ನಿಮಗ ಅರಬೈಲ್ ಘಟ್ಟದಾಗ ಬಸ್ಸಿನಾಗ ತಲಿ ತಿರುಗ್ತದಲ್ಲಾ, ಅಂಥವರು ತಯಾರಿ ಮಾಡ್ಕೊಂಡ ಹೋಗಬೇಕು. ಕಿವಿಯೊಳಗಿನ ತೋಲದ ಯಂತ್ರ "ಅಲಗಾಡ್ಲಿಕತ್ತೀನಿ" ಅಂತದ, ಕಣ್ಣು ಕ್ಯಾಬಿನ್ನಿನ ಗ್ವಾಡಿ ನೋಡಿ "ಇಲ್ಲ, ಸುಮ್ನ ಇದ್ದೀನಿ" ಅಂತದ, ಈ ಎರಡರ ಜಗಳದಿಂದ ವಾಂತಿ ಬರೂದು. ಅದಕ್ಕ ಒಳಗ ಮಲಕ್ಕೊಂಡು ಒದ್ದಾಡೂಕಿಂತ ಹೊರಗ ಬಂದು ಬಾನು-ನೀರು ಕೂಡೋ ಗೆರಿ ಮ್ಯಾಲೆ ಕಣ್ಣಿಟ್ಟು ಕುಂದ್ರ್ರಿ. ಅಲ್ಲಾಪಾಕ ಇಟ್ಕೋರಿ, ಖಾಲಿ ಹೊಟ್ಟಿಲೆ ಇರಬ್ಯಾಡ್ರಿ. ಗುಳಗಿ ತಗೋಳೂದಿದ್ರ ಡಾಕ್ಟರಿಗೆ ಕೇಳಿ, ತ್ರಾಸ ಶುರು ಆಗೂಕಿಂತ ಮದಲೇ ತಗೋಬೇಕು. ಅಣ್ಣಾರ ಬಿ.ಪಿ. ಗುಳಗಿ ಕೂಡ ಅದು ಹೊಂದತದೋ ಇಲ್ಲೋ ಅನ್ನೂದನ್ನೂ ಕೇಳ್ರಿ, ಯಾಕಂದ್ರ ಅಂಥಾ ಗುಳಗಿ ನಿದ್ದಿ ತರ್ತಾವ.

ಇನ್ನೊಂದು ಸೂಕ್ಷ್ಮ ಹೇಳ್ತೀನಿ, ಬುಕ್ಕಿಂಗ್ ಮಾಡೋರು ಯಾರೂ ಹೇಳೂದಿಲ್ಲ. ಮುಂಬೈದಿಂದ ದಕ್ಷಿಣಕ್ಕ ಬರೂಮುಂದ ಹಡಗಿನ ಎಡಗಡೆ ನೆಲ ಇರ್ತದ, ಬಲಗಡೆ ಬಯಲು ಸಮುದ್ರ. ರಾತ್ರಿ ದೀಪಸ್ತಂಭದ ಮಿಣುಕು, ಬೆಳಗಾದ್ರ ಕೊಂಕಣದ ಗುಡ್ಡದ ಗೆರಿ ಬೇಕಂದ್ರ ಎಡಗಡೆ ಕ್ಯಾಬಿನ್ ತಗೋರಿ. ಹೊತ್ತು ಮುಳಗೂದು ಹಾಸಿಗಿ ಮ್ಯಾಲಿಂದನ ನೋಡಬೇಕಂದ್ರ ಬಲಗಡೆ. ವಾಪಸ್ ಬರೂಮುಂದ ಇದು ಅದಲಿಬದಲಿ ಆಗ್ತದ.

ಗೋವಾದಾಗ ಹತ್ತೂದಿದ್ರ ಅಮರಾವತಿ ಎಕ್ಸ್‌ಪ್ರೆಸ್ ಹಿಡೀರಿ, ದೂಧಸಾಗರದ ಮಗ್ಗಲ ಹಾದು ವಾಸ್ಕೋಕ್ಕ ಇಳಸ್ತದ, ಬಂದರ ಅಲ್ಲೇ. ಆದ್ರ ಅದೇ ದಿನ ಹೋಗಬ್ಯಾಡ್ರಿ, ಒಂದು ದಿನ ಮದಲ ಹೋಗಿ ಇರ್ರಿ. ಘಟ್ಟದ ರೈಲು, ಯಾವಾಗ ತಡ ಆಗ್ತದೋ ಹೇಳಲಿಕ್ಕಾಗೂದಿಲ್ಲ. ಹಡಗ ಹೊರಡೂಕ ಮದಲೇ ಗೇಟು ಮುಚ್ಚತಾರ, ಯಾರಿಗೂ ಕಾಯೂದಿಲ್ಲ. ನಡುವ ಯಾವುದರ ಬಂದರದಾಗ ಇಳದಾಗೂ ಇದೇ ಮಾತು. ಹಡಗಿನ ಗಡಿಯಾರದ ವ್ಯಾಳ್ಯಾನ ನಿಮ್ಮ ಕೈಗಡಿಯಾರಕ್ಕ ಇಟ್ಕೋರಿ, ಊರಿನ ವ್ಯಾಳ್ಯಾ ಬ್ಯಾರೆ ಇದ್ದೀತು.

ಹತ್ತಿದ ಕೂಡ್ಲೆ ಎಲ್ಲಾರನೂ ಒಂದು ಜಾಗಾಕ್ಕ ಕರದು ಸುರಕ್ಷತಾ ಕವಾಯತು ಮಾಡಸ್ತಾರ. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಹೊಡದ್ರ ಎಲ್ಲೆ ಕೂಡಬೇಕು, ಜೀವರಕ್ಷಕ ಜಾಕೀಟು ಹೆಂಗ ಕಟ್ಕೋಬೇಕು ಅಂತ ತೋರಸ್ತಾರ. ಭಾಳ ಮಂದಿ ಅದು ಬ್ಯಾಸರಾ ಅಂತ ಮೊಬೈಲ್ ನೋಡಕೋತ ನಿಲ್ತಾರ. ವೈನಿ, ನೀವು ಹಂಗ ಮಾಡಬ್ಯಾಡ್ರಿ, ಅಣ್ಣಾರಿಗೂ ಬಿಡಬ್ಯಾಡ್ರಿ. ಟೈಟಾನಿಕ್ 1912ರಾಗ ಮುಳಗಿದ ಮ್ಯಾಲೇನ, 1914ರಾಗ ಜಗತ್ತಿನ ದೇಶಗಳು ಕೂಡಿ ಕಡಲಿನ ಮ್ಯಾಲೆ ಜೀವ ಉಳಸೋ ಕಾನೂನು ಮಾಡಿದ್ದು. 2012ರ ಜನೆವರಿ 13ಕ್ಕ ಇಟಲಿಯ ಜೀಲಿಯೋ ದ್ವೀಪದ ಹತ್ರ ಕೋಸ್ಟಾ ಕಾಂಕಾರ್ಡಿಯಾ ಬಂಡಿಗಲ್ಲಿಗೆ ಬಡದು ಒರಗಿತು, 32 ಮಂದಿ ತೀರಿಕೊಂಡ್ರು. ಅವತ್ತು ಸಂಜೀಕ ಹತ್ತಿದ್ದ ನೂರಾರು ಮಂದಿಗೆ ಆ ಕವಾಯತು ಇನ್ನೂ ಆಗೇ ಇರಲಿಲ್ಲ. ಅದಕ್ಕ ಮುಂದ ನಿಯಮ ಬದಲಿ ಮಾಡಿ, ಹಡಗ ಹೊರಡೂಕ ಮದಲ ಇಲ್ಲಾ ಹೊಂಟ ಕೂಡ್ಲೆ ಕಡ್ಡಾಯ ಮಾಡಿದ್ರು. ನಿಮ್ಮ ಕ್ಯಾಬಿನ್‌ದಿಂದ ಮೆಟ್ಟಲ ತನಕ ಎಷ್ಟು ಬಾಗಲಾ ಅದಾವ ಅಂತ ಎಣಿಸಿ ಇಟ್ಕೋರಿ. ಕತ್ತಲಾದ್ರ ಆ ಎಣಿಕಿ ಉಪಯೋಗಕ್ಕ ಬರ್ತದ.

ಈಗ ನಾನು ಹೇಳಬೇಕಂತಿದ್ದ ಮುಖ್ಯ ಮಾತು. ಹಡಗಿನಾಗ ಬೆಳಗಾಗೂದ್ರಾಗ ಬಾಗಲ ಸಂದಿಯೊಳಗ ಒಂದು ಕಾಗದಾ ಹಾಕ್ತಾರ. ಹತ್ತಕ್ಕ ಯೋಗ, ಹನ್ನೊಂದಕ್ಕ ಆಟ, ಹನ್ನೆರಡಕ್ಕ ಅಡಿಗಿ ತೋರಸೂದು, ಮಧ್ಯಾಹ್ನ ಮ್ಯಾಜಿಕ್ಕು, ರಾತ್ರಿ ನಾಟಕ. ಕೊಟ್ಟ ರೊಕ್ಕ ವಸೂಲಿ ಆಗಬೇಕಂತ ಮಂದಿ ಒಂದರಿಂದ ಇನ್ನೊಂದಕ್ಕ ಓಡ್ತಾರ, ನಡುನಡುವ ಊಟದ ಸಾಲಿಗೆ ಓಡ್ತಾರ. ಮನೀಗೆ ಬಂದ ಮ್ಯಾಲೆ ಅವರಿಗೆ ಸಮುದ್ರದ ಬಣ್ಣ ಕೇಳ್ರಿ, ನೀಲಿ ಅಂತಾರ, ಅಷ್ಟೆ. ಅಲ್ಲರೀ, ದಂಡಿ ಹತ್ರ, ಹೊಳಿ ಕೂಡೋ ಕಡೆ ಅದಕ್ಕ ಮಣ್ಣಿನ ಬಣ್ಣ ಬರ್ತದ. ಮುಂದ ಹೋದಂಗೆಲ್ಲಾ ಹಸರಾಗ್ತದ, ಆಳಕ್ಕ ಹೋದ್ರ ಶಾಯಿ ಬಣ್ಣಕ್ಕ ತಿರಗ್ತದ. ಲಕ್ಷದ್ವೀಪದ ಹವಳದ ದಂಡಿ ಒಳಗ ಪಚ್ಚೆ ಕಲ್ಲಿನ ಬಣ್ಣ. ಈ ನಾಕೂ ಬಣ್ಣ ಒಂದೇ ಪ್ರವಾಸದಾಗ ಸಿಗ್ತಾವ, ಕುಂತು ನೋಡಿದವರಿಗೆ. ಹಡಗ ತಾಸಿಗೆ ಮೂವತ್ತು-ಮೂವತ್ತೈದು ಕಿಲೋಮೀಟರ್ ಹೋಗ್ತದ, ನಮ್ಮ ಲೂನಾ ಗಾಡಿ ವೇಗ. ಆ ವೇಗದಾಗ ಮನಸು ಬದಲಾಗಲಿಕ್ಕೆ ವ್ಯಾಳ್ಯಾ ಸಿಗ್ತದ. ಮದಲನೇ ಅರ್ಧಾ ದಿನ ಕೈ ಮೊಬೈಲ್ ಹುಡುಕ್ತದ, ಆಮ್ಯಾಲೆ ಬಿಡ್ತದ. ನಡುಸಮುದ್ರದಾಗ ಸುತ್ತಲೂ ಒಂದೂ ಗಿಡ ಇಲ್ಲ, ಕಂಬ ಇಲ್ಲ, ಗುಡಿ ಶಿಖರ ಇಲ್ಲ. ಬಾನು ಪೂರಾ ದುಂಡಗ ಇಳಿದು ನೀರಿಗೆ ಮುಟ್ಟಿದ್ದು ಕಾಣ್ತದ. ನವಲಗುಂದ, ಅಣ್ಣಿಗೇರಿ ಕಡೆ ಎರಿ ಬಯಲಿನಾಗ ಬೆಳದವರಿಗೆ ಇಂಥಾ ಬಯಲು ಹೊಸಾದಲ್ಲ, ಅದಕ್ಕ ಹೊಂದಿಕೊಳ್ಳೂದು ನಮಗ ಸುಲಭ ಅನ್ನೂದು ನನ್ನ ನಂಬಿಕಿ.

ಅದಕ್ಕ ಟಿಕೀಟ್ ತಗಸೂಮುಂದ ಪೂರಾ ಒಂದು ದಿನ ಯಾವ ಬಂದರಕ್ಕೂ ಮುಟ್ಟದೇ ಕಡಲಾಗೇ ಇರೋ ಪ್ರವಾಸ ಆರಸ್ರಿ. ಎಷ್ಟೋ ಮಂದಿ ಬಂದರ ಎಣಿಸಿ ಟಿಕೀಟ್ ತಗೋತಾರ, ನಾಕು ದಿನಕ್ಕ ಮೂರು ಊರು ಅಂತ. ಊರು ನೋಡಲಿಕ್ಕೆ ರೈಲು ಅದ, ಬಸ್ಸು ಅದ. ಹಡಗಿನಾಗ ಹೋಗೂದು ಹಡಗಿನಾಗ ಇರಲಿಕ್ಕೆ. ಆ ದಿನ ನಸುಕಿನಾಗ ಐದೂವರಿಗೆ ಏಳ್ರಿ. ಡೆಕ್ಕಿನ ಮ್ಯಾಲೆ ತೊಳಿಯೋ ಹುಡುಗರು ಬಿಟ್ರ ಯಾರೂ ಇರೂದಿಲ್ಲ. ನಸೀಬಿದ್ರ ಡಾಲ್ಫಿನ್ ಹಡಗಿನ ಮುಂದಿನ ತೆರಿ ಮ್ಯಾಲೆ ಜಿಗದಾಡ್ತಾವ. ಇಲ್ಲದಿದ್ರೂ ಚಿಂತಿಲ್ಲ, ಬೆಳಕು ಬರೂದನ್ನ ಪೂರಾ ನೋಡಿದ್ರಿ ಅಂದ್ರ ಸಾಕು.

ಇನ್ನ ಮಂದಿ ವಿಚಾರ. ಹಡಗಿನ ಅಡಿಗಿಮನ್ಯಾಗ, ಇಂಜಿನ್ ಖೋಲಿಯಾಗ, ಕ್ಯಾಬಿನ್ ಸ್ವಚ್ಛ ಮಾಡೋರಾಗ ನಮ್ಮ ಕರಾವಳಿ ಹುಡುಗರು ಜಗತ್ತಿನ ತುಂಬ ಅದಾರ. ಗೋವಾ, ಕಾರವಾರ, ಉಡುಪಿ, ಮಂಗಳೂರಿನವರು. ಕಾಸರಗೋಡಿನ ಪಾಲಕುನ್ನು-ಕೋಟಿಕುಳಂ ಕಡೆ ತಲಿಮಾರಿನಿಂದ ಹಡಗಿನ ಕೆಲಸಕ್ಕ ಹೋಗೋ ಮನಿತನ ಅದಾವ. ಎದಿ ಮ್ಯಾಲಿನ ಪಟ್ಟಿ ಒಳಗ ಹೆಸರು, ದೇಶ ಬರದಿರ್ತದ, ಓದ್ರಿ. ಕನ್ನಡದಾಗ ಒಂದು ಮಾತು ಆಡ್ರಿ. ಸಿಂಗಾಪುರದಿಂದ ಹೊಂಟ ಹಡಗಿನಾಗ ನಾನು ಹಂಗ ಮಾತಾಡ್ಸಿದಾಗ ಒಬ್ಬ ಹುಡುಗ ತಟ್ಟೆ ಕೈಯಾಗ ಹಿಡಕೊಂಡೇ ನಿಂತು, ತನ್ನ ಊರಿನ ಜಾತ್ರಿ ಯಾವಾಗ ಅಂತ ಹೇಳಿದ್ದ. ಆರು, ಎಂಟು, ಒಂಬತ್ತು ತಿಂಗಳು ಕರಾರಿನ ಮ್ಯಾಲೆ ದುಡೀತಾರ, ವಾರಕ್ಕೊಂದು ರಜಾನೂ ಇರೂದಿಲ್ಲ. ನಾವು ಆರಾಮಾಗಿ ಇರಲಿ ಅಂತ ಅವರು ಮನಿ ಬಿಟ್ಟಿರ್ತಾರ. ಸೇವಾಕ್ಕಂತ ದಿನಕ್ಕ ತಲಿಗಿಷ್ಟು ಬಿಲ್ಲಿನಾಗ ಹಾಕ್ತಾರಲ್ಲಾ, ಅದನ್ನ ತಗಸಿ ಹಾಕ್ರಿ ಅಂತ ಕೌಂಟರಿನಾಗ ಜಗಳಾಡೋರನ್ನ ನೋಡಿದ್ರ ನನಗ ಸಂಕಟ ಆಗ್ತದ. ನೀವು ಆ ಸಾಲಿನಾಗ ನಿಲ್ಲಬ್ಯಾಡ್ರಿ.

ಲಕ್ಷದ್ವೀಪ ಆರಿಸಿದ್ರ ನಿಮಗ ಇನ್ನೊಂದು ಸಂಗತಿ ಗೊತ್ತಿರಲಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ಅಮಿನದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲಾಕ್ಕ ಸೇರಿದ್ದವು, ಆಡಳಿತ ಮಂಗಳೂರಿನಿಂದ ನಡೀತಿತ್ತು. ನಮ್ಮ ಕನ್ನಡ ನಾಡು ಒಂದಾದ ಅದೇ ನವೆಂಬರ್ 1ಕ್ಕ ಅವು ಬ್ಯಾರೆಯಾಗಿ ಕೇಂದ್ರಾಡಳಿತಕ್ಕ ಹೋದವು. ಅಲ್ಲಿ ದೊಡ್ಡ ಹಡಗ ದಂಡಿಗೆ ಹೋಗೂದಿಲ್ಲ, ಹವಳದ ದಿಬ್ಬದ ಹೊರಗ ನಿಂತು ಸಣ್ಣ ದೋಣಿ ಒಳಗ ಇಳಸ್ತಾರ. ಹಡಗ ಮ್ಯಾಲೆ, ದೋಣಿ ಕೆಳಗ ಏಳೂದು-ಬೀಳೂದು ನಡದಿರ್ತದ. ಖಲಾಸಿ ನಿಮ್ಮ ರಟ್ಟಿ ಹಿಡದು "ಈಗ" ಅಂದಾಗ ಕಾಲಿಡ್ರಿ, ಅದಕ್ಕ ಮದಲಲ್ಲ, ಆಮ್ಯಾಲಲ್ಲ. ಎರಡೂ ಕೈ ಖಾಲಿ ಇರಲಿ, ಸೀರಿ ಬಿಟ್ಟು ಚೂಡಿದಾರ ಹಾಕೋರಿ. ಮೊಣಕಾಲ ಬ್ಯಾನಿ ಭಾಳ ಇದ್ರ ಹಡಗಿನಾಗೇ ಉಳೀರಿ, ಮರ್ಯಾದಿ ಪ್ರಶ್ನಿ ಅಲ್ಲ ಅದು. ತೆರಿ ಜೋರಿದ್ರ ಇಳಸೂದನ್ನ ರದ್ದು ಮಾಡ್ತಾರ, ಅವಾಗ ಕಪ್ತಾನನ ಮಾತು ಕಡೀ ಮಾತು. ಮತ್ತ ಒಂದು ಹವಳದ ತುಂಡನೂ ಎತ್ತಬ್ಯಾಡ್ರಿ. 1972ರ ವನ್ಯಜೀವಿ ಕಾಯಿದೆ ಒಳಗ ಹವಳ ಅಂದ್ರ ಹುಲಿ ಇದ್ದ ಪಟ್ಟಿ ಒಳಗೇ ಅದ. ಮೊಮ್ಮಕ್ಕಳಿಗೆ ಫೋಟೋ ತರ್ರಿ.

ನವ ಮಂಗಳೂರು ಬಂದರಕ್ಕೂ ಚಳಿಗಾಲದಾಗ ಯುರೋಪಿನ ಪ್ರವಾಸಿ ಹಡಗ ಬರ್ತಾವ. ಆ ಮಂದಿ ಇಳದು ಮೂಡುಬಿದಿರೆ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ಗೋಕರ್ಣನಾಥ, ಗೇರುಬೀಜದ ಕಾರ್ಖಾನಿ ನೋಡಿ ಸಂಜೀಕ ಹಡಗಿಗೆ ಹೊಳ್ಳಿ ಹೋಗ್ತಾರ. ಬಸದಿ ಮೆಟ್ಟಲದ ಮ್ಯಾಲೆ ಚಪ್ಪಲಿ ಬಿಟ್ಟು, ಸುಮ್ನ ಕುಂತು ಕಂಬ ನೋಡೋ ಪರದೇಶಿ ಮುದುಕಿ ನಮಗ ಎಷ್ಟು ಛಲೋ ಅನಸ್ತಾಳ! ನಾವೂ ಬ್ಯಾರೆಯವರ ಊರಾಗ ಇಳದಾಗ ಹಂಗ ಇರಬೇಕ್ರಿ. ವೆನಿಸ್ ಊರಿನವರು ದೊಡ್ಡ ಹಡಗ ಸಾಕಪ್ಪಾ ಸಾಕು ಅಂತ ವರ್ಷಗಟ್ಟಲೆ ಹೋರಾಡಿ, ಕಡೀಕ 2021ರಾಗ ಊರ ನಡುವಿನ ಕಾಲುವಿಗೆ ಅವು ಬರದಂಗ ಮಾಡಿದ್ರು. ಒಂದೇ ಸಲಕ್ಕ ಸಾವಿರಾರು ಮಂದಿ ಇಳದ್ರ ಸಣ್ಣ ಊರಿಗೆ ಅದು ಭಾರನ.

ಊಟದ ಬಗ್ಗೆ ನಿಮಗಿರೋ ಹೆದರಿಕಿ ಬ್ಯಾಡ. ನಮ್ಮ ದೇಶದ ಹಡಗಿನಾಗೂ, ಸಿಂಗಾಪುರದ ಕಡೆ ಹಡಗಿನಾಗೂ ಶಾಕಾಹಾರ, ಜೈನರ ಊಟ ಸಿಗ್ತದ, ಬುಕ್ಕಿಂಗ್ ಮಾಡೂಮುಂದನ ಹೇಳಿರಬೇಕು. ಮನ್ಯಾಗ ಮಾಡಿದ ರೊಟ್ಟಿ, ಶೇಂಗಾ ಚಟ್ನಿ ಕಟಕೊಂಡ ಹೋದ್ರ ಭಾಳಷ್ಟು ಹಡಗಿನವರು ಒಳಗ ಬಿಡೂದಿಲ್ಲ. ಇಸ್ತ್ರಿ ಪೆಟಿಗಿ, ನೀರು ಕಾಯಸೋ ಕೆಟಲ್ ಸುದ್ದಾ ಬ್ಯಾಡ, ಬೆಂಕಿ ಭಯ ಅವರಿಗೆ. ಊಟಕ್ಕ ಹೋಗೂಕ ಮದಲ ಸಾಬಾಣದಿಂದ ಕೈ ತೊಳೀರಿ. ಒಬ್ಬರಿಗೆ ಹೊಟ್ಟಿ ಕೆಟ್ರ ಹಡಗಿನಾಗ ಭಾಳ ಲಗೂ ಹಬ್ಬತದ. ಡಾಕ್ಟರ್ ಇರ್ತಾರ, ಆದ್ರ ಫೀ ಭಾಳ, ಪ್ರವಾಸದ ವಿಮಾ ಮಾಡಸ್ರಿ. ಗುಳಗಿ, ಕನ್ನಡಕ, ಒಂದು ಜೋಡಿ ಅರಬಿ ಕೈಚೀಲದಾಗೇ ಇರಲಿ, ದೊಡ್ಡ ಪೆಟಿಗಿ ಕ್ಯಾಬಿನ್ ಮುಟ್ಟೂದ್ರಾಗ ರಾತ್ರಿ ಆದೀತು. ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ, ಇಲ್ಲಾಂದ್ರ ಹಡಗಿನ ಸಿಗ್ನಲ್ ಹಿಡದು ದೊಡ್ಡ ಬಿಲ್ ಬರ್ತದ. ಟಿಕೀಟಿನ ಮ್ಯಾಲೆ ಕಾಣೋ ದರಕ್ಕ ಬಂದರದ ಶುಲ್ಕ, ಜಿ.ಎಸ್.ಟಿ. ಕೂಡಸಿ ಒಟ್ಟು ಎಷ್ಟು ಅಂತ ಮಗನಿಗೆ ಬರದು ಕೊಡಲಿಕ್ಕೆ ಹೇಳ್ರಿ.

ಮುಂದಿನ ವರ್ಷ ಅಮೆರಿಕಾಕ್ಕ ಮಗಳ ಮನೀಗೆ ಹೋಗೋರು ಇದ್ದೀರಲ್ಲಾ, ಅವಾಗ ಅಕಿ ಬಹಾಮಾಸ್ ಅಂದ್ರ ನೀವು ಅಲಾಸ್ಕಾ ಅನ್ರಿ. ಮೇ ತಿಂಗಳಿಂದ ಸೆಪ್ಟೆಂಬರ್ ಅದರ ಋತು, ನೀವು ಹೋಗೂದೂ ಅವಾಗೇ. ಸಿಯಾಟಲ್‌ದಿಂದ ಹೊಂಟ ಹಡಗ ಹಿಮನದಿ ಮುಂದ ಹೋಗಿ ಸುಮ್ನ ನಿಲ್ತದ. ಗ್ಲೇಸಿಯರ್ ಬೇ ಅನ್ನೋ ಕಡೆ ದಿನಕ್ಕ ಎರಡೇ ದೊಡ್ಡ ಹಡಗ ಬಿಡ್ತಾರ, ಅದಕ್ಕ ಗದ್ದಲ ಇಲ್ಲ. ನಡಿಯೂದು ಬ್ಯಾಡ, ಹತ್ತೂದು ಬ್ಯಾಡ, ಶಾಲು ಹೊತ್ತು ಕುರ್ಚಿ ಮ್ಯಾಲೆ ಕುಂತವರಿಗೂ ಎಲ್ಲಾ ಕಾಣ್ತದ. ನಮ್ಮ ವಯಸ್ಸಿಗೆ ಅಂಥಾ ಪ್ರವಾಸ ಮತ್ತೊಂದು ಸಿಗೂದು ಕಷ್ಟ.

ಹೊಳ್ಳಿ ಬಂದ ಮ್ಯಾಲೆ ಒಂದೆರಡು ದಿನ ಹಾಸಿಗಿ ತೂಗಿದಂಗ ಆಗ್ತದ, ಜಳಕದ ಮನ್ಯಾಗ ಕಣ್ಣು ಮುಚ್ಚಿದ್ರ ನೆಲ ಅಲಗಾಡ್ತದ. ಅದು ಸಹಜ, ತಾನೇ ಹೋಗ್ತದ. ಹೋಗಲಿಲ್ಲಾಂದ್ರ ಡಾಕ್ಟರಿಗೆ ತೋರಸ್ರಿ. ಮತ್ತ ಇವತ್ತೇ ಕಪಾಟು ತಗದು ಇಬ್ಬರದೂ ಪಾಸ್‌ಪೋರ್ಟ್ ನೋಡ್ರಿ. ಪರದೇಶದ ಬಂದರ ಇದ್ರ ಇನ್ನೂ ಆರು ತಿಂಗಳರ ಅವಧಿ ಉಳದಿರಬೇಕು. ಸಿಂಗಾಪುರದಿಂದ ಹತ್ತಿ ಮಲೇಶಿಯಾ ಮುಟ್ಟಿ ಮತ್ತ ಸಿಂಗಾಪುರಕ್ಕ ಬರೋ ಪ್ರವಾಸ ಆದ್ರ ಒಂದಕ್ಕಿಂತ ಹೆಚ್ಚು ಸಲ ಒಳಗ ಬರಲಿಕ್ಕೆ ಒಪ್ಪಿಗಿ ಇರೋ ವೀಸಾನ ಬೇಕು, ಏಜೆಂಟಗ ಬಿಚ್ಚಿ ಕೇಳ್ರಿ. ಅವಧಿ ಮುಗಿಲಿಕ್ಕೆ ಬಂದಿದ್ರ ಪಾಸ್‌ಪೋರ್ಟ್ ಸೇವಾ ಕೇಂದ್ರ ನಮ್ಮ ಹುಬ್ಬಳ್ಳಿ ಒಳಗೇ ಅದ, ಸೋಮವಾರ ನಾನೂ ನಿಮ್ಮ ಜೋಡಿ ಬರ್ತೀನಿ.